ಮರಗಳಂತೆ ಕಂಡ ಮನುಷ್ಯರು

ಕ್ರಿಸ್ತನನ್ನು ನಂಬಿದ ಮೇಲೆ ಬದುಕು ಸ್ಪಷ್ಟವಾಗಿ ಕಾಣತೊಡಗಿತು ಎಂದು ನಾವು ಕ್ರೈಸ್ತರು ಸಾಕ್ಷಿ ಹೇಳುವಾಗ ಕೇಳುವವರು ಅದನ್ನು ಹಲವು ಬಾರಿ ಬೇರೆಯೇ ರೀತಿಯಲ್ಲಿ ಗ್ರಹಿಸುತ್ತಾರೆ. ಯಾವ ಉದ್ಯೋಗಕ್ಕೆ ಸೇರಬೇಕು, ಯಾರನ್ನು ಮದುವೆಯಾಗಬೇಕು, ಬಂದ ಕಷ್ಟ ಎಂದು ತೀರುತ್ತದೆ ಎಂಬುದೆಲ್ಲ ಪ್ರಾರ್ಥಿಸಿದ ಕೂಡಲೇ ತಿಳಿದುಬರುತ್ತದೆ ಎಂದು ಅವರು ಭಾವಿಸುತ್ತಾರೆ. ವಿಶ್ವಾಸಿಗಳಲ್ಲಿಯೂ ಹಾಗೆ ನಿರೀಕ್ಷಿಸಿ ಬಳಲಿದವರಿದ್ದಾರೆ. ನಂಬಿಕೆ ನನಗೆ ಮುಂದಿನ ದಿನಗಳ ನಕ್ಷೆಯನ್ನು ಕೊಡಲಿಲ್ಲ. ಎದುರಿಗಿರುವ ಮನುಷ್ಯರನ್ನು ನೋಡುವುದನ್ನು ಕಲಿಸಿತು. ಬಹಳ ನಿಧಾನವಾಗಿ ಈಗಲೂ ಕಲಿಸುತ್ತಿದೆ.

ಈ ನಿಧಾನವನ್ನು ಅರ್ಥಮಾಡಿಕೊಳ್ಳಲು ನನಗೆ ನೆರವಾದದ್ದು ಮಾರ್ಕನ ಸುವಾರ್ತೆಯ 8ನೇ ಅಧ್ಯಾಯ. ಬೇತ್ಸಾಯಿದದಲ್ಲಿ ಕುರುಡನೊಬ್ಬನನ್ನು ಯೇಸುವಿನ ಬಳಿಗೆ ಕರೆತರುತ್ತಾರೆ. ಯೇಸು ಅವನ ಕೈಹಿಡಿದು ಊರ ಹೊರಗೆ ಕರೆದುಕೊಂಡು ಹೋಗಿ, ಕಣ್ಣುಗಳಿಗೆ ಉಗುಳನ್ನು ಹಚ್ಚಿ, ಏನಾದರೂ ಕಾಣುತ್ತದೆಯೇ ಎಂದು ವಿಚಾರಿಸುತ್ತಾನೆ. ಮನುಷ್ಯರು ಕಾಣುತ್ತಾರೆ, ಆದರೆ ನಡೆದಾಡುವ ಮರಗಳಂತೆ ಕಾಣುತ್ತಾರೆ ಎಂದು ಅವನು ಹೇಳುತ್ತಾನೆ. ಯೇಸು ಮತ್ತೊಮ್ಮೆ ಕೈಯಿಟ್ಟ ಮೇಲಷ್ಟೇ ಅವನಿಗೆ ಎಲ್ಲವೂ ನಿಚ್ಚಳವಾಗಿ ಕಾಣುತ್ತದೆ. ಸುವಾರ್ತೆಗಳಲ್ಲಿ ಎರಡು ಹಂತಗಳಲ್ಲಿ ನಡೆದ ಸ್ವಸ್ಥತೆ ಇದೊಂದೇ. ಇದನ್ನು ಮಾರ್ಕನು ಮಾತ್ರ ಬರೆದಿದ್ದಾನೆ, ಮತ್ತು ಸರಿಯಾದ ಜಾಗದಲ್ಲಿಯೇ ಇಟ್ಟಿದ್ದಾನೆ. ಏಕೆಂದರೆ ಇದರ ಬೆನ್ನಿಗೇ ಫಿಲಿಪ್ಪನ ಕೈಸರೈಯದ ದಾರಿಯಲ್ಲಿ ಪೇತ್ರನು ಯೇಸುವನ್ನು ಕ್ರಿಸ್ತನೆಂದು ಅರಿಕೆ ಮಾಡುತ್ತಾನೆ. ಆದರೆ ಆ ಕ್ರಿಸ್ತನು ಕಷ್ಟಪಟ್ಟು ಸಾಯಬೇಕಾಗಿದೆ ಎಂಬ ಮಾತು ಕಿವಿಗೆ ಬಿದ್ದೊಡನೆ ಅವನನ್ನು ಪಕ್ಕಕ್ಕೆ ಕರೆದು ಗದರಿಸತೊಡಗುತ್ತಾನೆ. ಪೇತ್ರನಿಗೆ ಕಾಣುತ್ತಿದ್ದುದು ಸುಳ್ಳಾಗಿರಲಿಲ್ಲ, ಅರ್ಧವಾಗಿತ್ತು. ನಮ್ಮಲ್ಲಿ ಹೆಚ್ಚಿನವರ ಭಕ್ತಿ ಇದೇ ಹಂತದಲ್ಲಿ ಬಹುಕಾಲ ನಿಲ್ಲುತ್ತದೆ ಎಂದು ನನಗನಿಸುತ್ತದೆ: ಕರ್ತನು ಯಾರೆಂದು ಬಲ್ಲೆವು, ಆದರೆ ಅವನು ನಡೆಯುವ ದಾರಿ ನಮಗೆ ಒಪ್ಪಿಗೆಯಾಗುವುದಿಲ್ಲ.

ಎರಡು ಅಧ್ಯಾಯಗಳ ನಂತರ, ಯೆರಿಕೋವಿನ ದಾರಿಬದಿಯಲ್ಲಿ, ಮತ್ತೊಬ್ಬ ಕುರುಡನಾದ ಬಾರ್ತಿಮಾಯನು ಬರುತ್ತಾನೆ. ಈ ಎರಡು ಘಟನೆಗಳ ನಡುವೆ ಯೇಸು ತನ್ನ ಮರಣವನ್ನು ಕುರಿತು ಮೂರು ಸಲ ಮುಂತಿಳಿಸುತ್ತಾನೆ. ಮೂರು ಸಲವೂ ಶಿಷ್ಯರಿಗೆ ಅದು ತಿಳಿಯುವುದಿಲ್ಲ. ಮೂರನೆಯ ಸಲ ಹೇಳಿದ ಮೇಲೆ ಯಾಕೋಬ ಮತ್ತು ಯೋಹಾನರು ಬಂದು ತಮಗೊಂದು ಕೋರಿಕೆಯಿದೆ ಎನ್ನುತ್ತಾರೆ. ನಾನು ನಿಮಗೆ ಏನು ಮಾಡಬೇಕೆಂದು ಕೋರುತ್ತೀರಿ ಎಂದು ಯೇಸು ಕೇಳಿದರೆ, ಮಹಿಮೆಯಲ್ಲಿ ನಿನ್ನ ಎಡಬಲದಲ್ಲಿ ಆಸನ ಬೇಕು ಎನ್ನುತ್ತಾರೆ. ಅದೇ ಪ್ರಶ್ನೆಯನ್ನು ಆತನು ಬಾರ್ತಿಮಾಯನಿಗೂ ಕೇಳುತ್ತಾನೆ, ಮತ್ತು ಆ ಭಿಕ್ಷುಕನು ಕೇಳುವುದು ಕಣ್ಣನ್ನು ಮಾತ್ರ. ದೃಷ್ಟಿ ಬಂದ ಮೇಲೆ ಅವನು ಯೇಸುವಿನ ಹಿಂದೆ ಅದೇ ದಾರಿಯಲ್ಲಿ ನಡೆಯುತ್ತಾನೆ. ಅದು ಯೆರೂಸಲೇಮಿಗೆ, ಎಂದರೆ ಶಿಲುಬೆಯ ಕಡೆಗೆ, ಹೋಗುವ ದಾರಿ.

ಆ ಪ್ರಶ್ನೆ ನನ್ನನ್ನು ಬಹುಕಾಲ ಹಿಡಿದು ನಿಲ್ಲಿಸಿತು. ಕುರುಡನಿಗೆ ಏನು ಬೇಕೆಂಬುದು ಯಾರಿಗೆ ತಾನೆ ಗೊತ್ತಿಲ್ಲ? ಗೊತ್ತಿದ್ದೂ ಯೇಸು ಕೇಳಿದನು. ಸುಮ್ಮನಿರೆಂದು ಜನರು ಗದರಿಸುತ್ತಿದ್ದವನಿಗೆ ತನ್ನ ಬಾಯಿಂದಲೇ ಹೇಳಿಕೊಳ್ಳುವ ಅವಕಾಶವನ್ನು ಕೊಟ್ಟನು. ನಾನು ಈ ಭಾಗವನ್ನು ಧ್ಯಾನಿಸುತ್ತಿದ್ದ ದಿನಗಳಲ್ಲಿ ನಮ್ಮ ತಂದೆಯವರಿಗೆ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿತ್ತು. ಬೆಳಗ್ಗೆ ಅವರಿಗೆ ಅಂಗಿ ತೊಡಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಒಂದು ದಿನ ಗುಂಡಿ ಹಾಕುವ ಮೊದಲು, ಅಪ್ಪಾ, ಹೇಗೆ ಮಾಡಲಿ ಎಂದು ಕೇಳಿದೆ. ಅವರು ತೊದಲುತ್ತಾ, ಕೊನೆಯದನ್ನು ಬಿಡು, ನಾನೇ ಹಾಕಿಕೊಳ್ಳುತ್ತೇನೆ ಎಂದರು. ಎಡಗೈಯ ಹೆಬ್ಬೆರಳು ಗುಂಡಿಯನ್ನು ಕಾಜದ ಅಂಚಿಗೆ ತಂದು ನಿಲ್ಲಿಸುತ್ತಿತ್ತು, ಅದು ಜಾರುತ್ತಿತ್ತು, ಮತ್ತೆ ತರುತ್ತಿತ್ತು. ನಾನು ಕೈಕಟ್ಟಿ ಕುಳಿತು ನೋಡಿದೆ. ರೋಗಿ, ಔಷಧಿ, ಊಟದ ಹೊತ್ತು ಎಂದು ನನ್ನ ಮನಸ್ಸು ಲೆಕ್ಕವಿಟ್ಟಿದ್ದ ಆ ದೇಹದೊಳಗೆ ನಮ್ಮನ್ನು ಸಾಕಿದ ಅದೇ ಹಟವಾದಿ ಮನುಷ್ಯರು ಪೂರ್ತಿಯಾಗಿ ಕುಳಿತಿದ್ದರು. ಅದನ್ನು ಕಂಡದ್ದು ನನ್ನ ಜಾಣತನದಿಂದಲ್ಲ. ಯೆರಿಕೋವಿನಲ್ಲಿ ಕೇಳಿದ ಪ್ರಶ್ನೆಯಿಂದ.

ನೋವು ಏಕೆ ಬಂತು ಎಂಬುದರ ಉತ್ತರ ನನಗೆ ಆಗಲೂ ಸಿಗಲಿಲ್ಲ. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಗಳೋ ಎಂದು ಚರ್ಚೆಗೆ ತೊಡಗುತ್ತಾರೆ. ಅವರ ಪಾಲಿಗೆ ಅವನು ಒಂದು ಪ್ರಶ್ನೆ. ಯೇಸು ಎರಡು ಆಯ್ಕೆಗಳನ್ನೂ ತಳ್ಳಿಹಾಕಿ, ಬಗ್ಗಿ ಕೆಸರು ಮಾಡಿ, ಅವನ ಕಣ್ಣಿಗೆ ಹಚ್ಚಿ, ಸಿಲೋವ ಕೊಳದಲ್ಲಿ ತೊಳೆದುಕೋ ಎಂದು ಕಳುಹಿಸುತ್ತಾನೆ. ರೋಗಿಯ ಹಾಸಿಗೆಯ ಬಳಿ ನಿಂತು ಕಾರಣವನ್ನು ವಿವರಿಸುವ ಉತ್ಸಾಹ ನಮ್ಮ ಸಭೆಗಳಲ್ಲಿ ಇಂದಿಗೂ ಇದೆ, ಮತ್ತು ಅದು ಎಷ್ಟು ಗಾಯಮಾಡುತ್ತದೆಂಬುದು ಆ ಹಾಸಿಗೆಯ ಪಕ್ಕದಲ್ಲಿ ರಾತ್ರಿ ಕಳೆದವರಿಗೆ ಗೊತ್ತು.

ಪಶ್ಚಾತ್ತಾಪಪಟ್ಟವನಿಗೂ ದೃಷ್ಟಿ ಎಷ್ಟು ತಡವಾಗಿ ಪೂರ್ಣವಾಗಬಹುದು ಎಂಬುದಕ್ಕೆ 18ನೇ ಶತಮಾನದ ಇಂಗ್ಲಿಷ್ ನಾವಿಕ ಜಾನ್ ನ್ಯೂಟನ್ನನ ಜೀವನಕ್ಕಿಂತ ಗಂಭೀರವಾದ ಉದಾಹರಣೆ ನನಗೆ ತಿಳಿದಿಲ್ಲ. 1748ರಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಯಲ್ಲಿ ಹಡಗು ಮುಳುಗುವ ಸ್ಥಿತಿಗೆ ಬಂದಾಗ ಅವನು ದೇವರ ಕರುಣೆಗಾಗಿ ಮೊರೆಯಿಟ್ಟನು. ಆದರೆ ಅದಾದ ಮೇಲೂ ಗುಲಾಮರನ್ನು ಸಾಗಿಸುವ ಹಡಗುಗಳ ನಾಯಕನಾಗಿ ದುಡಿದನು. ಮೇಲೆ ಸಿಬ್ಬಂದಿಗಾಗಿ ಆರಾಧನೆ ನಡೆಸುತ್ತಿದ್ದಾಗ ಹಡಗಿನ ಕೆಳ ಅಂತಸ್ತಿನಲ್ಲಿ ಸಂಕೋಲೆ ತೊಟ್ಟ ಸ್ತ್ರೀಪುರುಷರಿದ್ದರು. 1754ರಲ್ಲಿ ಅನಾರೋಗ್ಯದಿಂದ ಸಮುದ್ರಯಾನವನ್ನು ಬಿಟ್ಟು, 1764ರಲ್ಲಿ ಇಂಗ್ಲೆಂಡಿನ ಓಲ್ನಿಯಲ್ಲಿ ಸಭಾಪಾಲಕನಾದನು. ಕುರುಡನಾಗಿದ್ದ ನನಗೆ ಈಗ ಕಾಣುತ್ತದೆ ಎಂದು ಸಾರುವ, ಲೋಕವೆಲ್ಲ ಹಾಡುವ ‘ಅಮೇಜಿಂಗ್ ಗ್ರೇಸ್’ ಎಂಬ ಕೀರ್ತನೆಯನ್ನು ಅವನು 1773ರ ಹೊಸವರ್ಷದ ಆರಾಧನೆಗಾಗಿ ಬರೆದನು. ಗುಲಾಮರ ವ್ಯಾಪಾರವನ್ನು ಖಂಡಿಸಿ ಪುಸ್ತಿಕೆಯನ್ನು ಪ್ರಕಟಿಸಿದ್ದು 1788ರಲ್ಲಿ, ಬಿರುಗಾಳಿಯಾಗಿ 40 ವರ್ಷಗಳ ನಂತರ. ಆ ತಪ್ಪೊಪ್ಪಿಗೆ ತೀರ ತಡವಾಗಿ ಬಂದಿದೆ ಎಂದು ಅವನೇ ಅದರಲ್ಲಿ ಬರೆದುಕೊಂಡಿದ್ದಾನೆ. ಬ್ರಿಟಿಷ್ ಸಂಸತ್ತು ಆ ವ್ಯಾಪಾರವನ್ನು ನಿಷೇಧಿಸಿದ 1807ರಲ್ಲಿಯೇ ಅವನು ತೀರಿಕೊಂಡನು.

ಅವನ ಮೊದಲ ಮೊರೆ ಕಪಟವಾಗಿತ್ತೆಂದು ನಾನು ಹೇಳಲಾರೆ. ಯೇಸು ತನ್ನ ಕಣ್ಣಿನ ಮೇಲೆ ಎರಡನೆಯ ಸಲ ಕೈಯಿಡುವುದಕ್ಕೆ ಅವನು ಒಪ್ಪಿಕೊಂಡನೆಂಬುದು ನನಗೆ ಮುಖ್ಯ. ಆದರೆ ಈ ನಡುವಿನ 40 ವರ್ಷಗಳ ಬೆಲೆಯನ್ನು ತೆತ್ತವರು ಅವನಲ್ಲ, ಅವನಿಗೆ ಮರಗಳಂತೆ ಕಂಡವರು. ದೇವರು ನಮ್ಮೊಂದಿಗೆ ತಾಳ್ಮೆಯಿಂದಿದ್ದಾನೆಂದು ಹಾಡುವಾಗ ನಾನು ಇದನ್ನೂ ನೆನೆಯಬೇಕೆಂದು ಬಯಸುತ್ತೇನೆ.

ಆದ್ದರಿಂದ ರಾತ್ರಿ ಮಲಗುವ ಮುನ್ನ ಸಂತ ಇಗ್ನೇಷಿಯಸ್ ಲೊಯೋಲಾ 16ನೇ ಶತಮಾನದಲ್ಲಿ ಕಲಿಸಿದ ಆತ್ಮಪರೀಕ್ಷೆಯ ಪ್ರಾರ್ಥನೆಯನ್ನು ಮಾಡುತ್ತೇನೆ: ದಿನಕ್ಕಾಗಿ ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ಆಮೇಲೆ ಬೆಳಗಿನಿಂದ ಸಂಜೆಯವರೆಗೆ ನಡೆದುದರ ಸ್ಮರಣೆ. ಈ ಮೂರನೆಯದರಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ, ಮತ್ತು ಘಟನೆಗಳಿಗಿಂತ ಮುಖಗಳನ್ನು ನೆನೆಯುತ್ತೇನೆ. ಯಾರ ಮುಖವು ನೆನಪಿಗೆ ಬರುವುದಿಲ್ಲವೋ ಅವರ ಹೆಸರನ್ನು ಹೇಳಿ ಪ್ರಾರ್ಥಿಸುತ್ತೇನೆ. ಕೆಲವೊಮ್ಮೆ ಹೆಸರೂ ಗೊತ್ತಿಲ್ಲವೆಂಬುದು ಆಗ ತಿಳಿಯುತ್ತದೆ, ಮರುದಿನ ಕೇಳಿ ತಿಳಿದುಕೊಳ್ಳುತ್ತೇನೆ.

ಸದ್ಯ ನನಗೆ ಮಬ್ಬಾಗಿ ಕಾಣುತ್ತಿರುವವರು ನಮ್ಮ ಸಭೆಯ ಹಿರಿಯರೊಬ್ಬರು. ಸಭೆಯ ಪ್ರತಿಯೊಂದು ವಿಷಯದಲ್ಲೂ ಅವರ ಅಭಿಪ್ರಾಯ ನನ್ನದಕ್ಕೆ ವಿರುದ್ಧವಾಗಿರುತ್ತದೆ, ಮತ್ತು ನಾನು ಅವರ ಅಭಿಪ್ರಾಯವನ್ನು ಬಲ್ಲೆನೇ ಹೊರತು ಅವರನ್ನು ಬಲ್ಲೆನೆಂದು ಹೇಳುವಂತಿಲ್ಲ. ಬರುವ ಭಾನುವಾರ ಆರಾಧನೆಯ ನಂತರ ಅವರ ಪಕ್ಕದಲ್ಲಿ ಕುಳಿತು, ನಿಮಗಾಗಿ ಯಾವ ವಿಷಯದಲ್ಲಿ ಪ್ರಾರ್ಥಿಸಲಿ ಎಂದು ಕೇಳಬೇಕೆಂದಿದ್ದೇನೆ.