ಕಷ್ಟದಲ್ಲಿ ಬೆಳೆದ ಮರಿ ಗಟ್ಟಿಯಾಗುತ್ತದೆಯೇ?

ವನ್ಯಜೀವಿಗಳ ಬಗ್ಗೆ ಬರೆಯುವ ನನಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಎಳವೆಯಲ್ಲೇ ಬರ, ಹಸಿವು, ತಾಯಿಯ ಸಾವು ಕಂಡ ಕಾಡುಪ್ರಾಣಿ ಮುಂದೆ ಏನು ಬಂದರೂ ತಡೆದುಕೊಳ್ಳುವಷ್ಟು ಗಟ್ಟಿಯಾಗುತ್ತದಲ್ಲವೇ?

ಬಹುಮಟ್ಟಿಗೆ ಇಲ್ಲ. ತಡೆಯಲಾರದ ಮರಿಗಳು ಆಗಲೇ ಸತ್ತುಹೋಗಿರುತ್ತವೆ. ಉಳಿದವಷ್ಟೇ ಕಣ್ಣಿಗೆ ಬೀಳುವುದರಿಂದ ನಮಗೆ ಹಾಗನ್ನಿಸುತ್ತದೆ. ಉಳಿದವೂ ಬೆಲೆ ತೆರುತ್ತವೆ. ಕೀನ್ಯಾದ ಅಂಬೊಸೆಲಿಯಲ್ಲಿ 1971ರಿಂದ ಒಂದೊಂದು ಬಬೂನ್ ಕೋತಿಯ ಹುಟ್ಟು, ಸಾವು, ಒಡನಾಟಗಳನ್ನು ದಾಖಲಿಸುತ್ತಾ ಬಂದಿದ್ದಾರೆ. ಹುಟ್ಟಿದ ವರ್ಷವೇ ಬರ, ಬೇಗ ತೀರಿಕೊಂಡ ತಾಯಿ, ಬೆನ್ನಿಗೇ ಹುಟ್ಟಿದ ತಮ್ಮನೋ ತಂಗಿಯೋ, ಗುಂಪಿನಲ್ಲಿ ತಾಯಿಗೆ ಕೆಳಗಿನ ಸ್ಥಾನ. ಇಂಥ ಮೂರು ಅಥವಾ ಹೆಚ್ಚು ಕಷ್ಟಗಳನ್ನು ಕಂಡ ಹೆಣ್ಣುಗಳು, ಒಂದನ್ನಷ್ಟೇ ಕಂಡ ಅಥವಾ ಒಂದನ್ನೂ ಕಾಣದ ಹೆಣ್ಣುಗಳಿಗಿಂತ ಸುಮಾರು 10 ವರ್ಷ ಮೊದಲೇ ಸತ್ತವು ಎಂದು 2016ರ ಅಧ್ಯಯನ ತೋರಿಸಿತು. ಪ್ರಾಯಕ್ಕೆ ಬಂದ ಹೆಣ್ಣು ಸಾಮಾನ್ಯವಾಗಿ ಬದುಕುವುದೇ ಹದಿನೆಂಟು ಹತ್ತೊಂಬತ್ತು ವರ್ಷ! ಪ್ರಾಣಿಯನ್ನು ಮುಟ್ಟದೆ, ಅದರ ಮಲವನ್ನು ಸಂಗ್ರಹಿಸಿ ಪರೀಕ್ಷಿಸಿದಾಗ, ಇಂಥ ಹೆಣ್ಣುಗಳಲ್ಲಿ ದೊಡ್ಡವಾದ ಮೇಲೂ ಒತ್ತಡದ ಹಾರ್ಮೋನ್ ಹೆಚ್ಚಾಗಿಯೇ ಕಂಡಿತು.

ಹಾಗೆಂದು ದೇಹ ಸುಮ್ಮನೆ ಏಟು ತಿನ್ನುತ್ತಾ ಕೂರುವುದಿಲ್ಲ. ಕೆನಡಾದ ಯುಕಾನ್‌ನ ಕೆಂಪು ಅಳಿಲುಗಳ ಪ್ರಯೋಗ ನನಗೆ ತುಂಬ ಇಷ್ಟ. ಅಲ್ಲಿ ಅಳಿಲುಗಳು ತಮ್ಮ ಗಡಿ ಸಾರುವ ಗರಗರ ಕೂಗನ್ನು ಧ್ವನಿವರ್ಧಕದಲ್ಲಿ ಕೇಳಿಸಿ, ಸುತ್ತೆಲ್ಲ ಅಳಿಲುಗಳು ಕಿಕ್ಕಿರಿದಿವೆ ಎಂದು ನಂಬಿಸಿದರು. ಮೇವನ್ನು ಒಂದಿಷ್ಟೂ ಹೆಚ್ಚಿಸಲಿಲ್ಲ. ಆದರೂ ತಾಯಂದಿರ ಒತ್ತಡದ ಹಾರ್ಮೋನ್ ಏರಿತು, ಮರಿಗಳು ಬೇಗ ಬೇಗ ಬೆಳೆದವು. ಚಳಿಗಾಲಕ್ಕೆ ಮುಂಚೆ ಸ್ವಂತ ಜಾಗ ಹಿಡಿಯದ ಮರಿ ಉಳಿಯುವುದು ಕಷ್ಟ. ಪೈಪೋಟಿ ಜೋರಾಗಿದ್ದಾಗ ಬೇಗ ಬೆಳೆದದ್ದಕ್ಕೇ ಅನುಕೂಲ. ನಾನಿದನ್ನು ಗಟ್ಟಿತನ ಅನ್ನುವುದಿಲ್ಲ, ಹೊರಗೆ ಹೇಗಿದೆ ಎಂದು ತಾಯಿ ಕೊಟ್ಟ ಮುನ್ಸೂಚನೆ ಅನ್ನುತ್ತೇನೆ.

ಬಾಲ್ಯದಲ್ಲಿ ಕೆಟ್ಟದ್ದು ಆಮೇಲೆ ಸರಿಹೋಗುವುದೇ ಇಲ್ಲವೇ ಎಂದೂ ಕೇಳುತ್ತಾರೆ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಆನೆಗಳ ಸಂಖ್ಯೆ ತಗ್ಗಿಸಲು ದೊಡ್ಡವನ್ನು ಕೊಂದು, ಅನಾಥ ಮರಿಗಳನ್ನು ಅದೇ ದೇಶದ ಪಿಲಾನೆಸ್‌ಬರ್ಗ್ ಉದ್ಯಾನಕ್ಕೆ ಸಾಗಿಸಿದ್ದರು. ಹಿರಿಯರ ಅಂಕೆಯಿಲ್ಲದೆ ಬೆಳೆದ ಗಂಡುಗಳಿಗೆ ವಯಸ್ಸಿಗೆ ಮುಂಚೆಯೇ ಮದ ಬಂತು. 1992ರಿಂದ 1997ರೊಳಗೆ ಅವು 40ಕ್ಕೂ ಹೆಚ್ಚು ಬಿಳಿ ಘೇಂಡಾಮೃಗಗಳನ್ನು ಕೊಂದವು. ಮದವೆಂದರೆ ಬರೀ ಸಿಟ್ಟಲ್ಲ, ಟೆಸ್ಟೊಸ್ಟೆರಾನ್ ಉಕ್ಕುವ ದೇಹಸ್ಥಿತಿ. ಆದ್ದರಿಂದಲೇ ಮುಂದೆ ನಡೆದದ್ದು ನನಗೆ ಇಷ್ಟು ಮುಖ್ಯ: 1998ರಲ್ಲಿ ಕ್ರೂಗರ್‌ನಿಂದ ಆರು ಹಿರಿಯ ಸಲಗಗಳನ್ನು ತಂದು ಬಿಟ್ಟರು; ಕಿರಿಯವುಗಳ ಮದ ತಗ್ಗಿತು, ಘೇಂಡಾಮೃಗಗಳ ಮೇಲಿನ ದಾಳಿ ನಿಂತಿತು.