ಚಿಕಾಗೋಗೆ ಹೊರಟಿರುವ ಅಜ್ಜ ಅಜ್ಜಿಯರಿಗೆ, ನಮ್ಮೂರ ಜಗಲಿಯಿಂದ

ರಜೆಗೆ ಚಿಕ್ಕಮಗಳೂರಿಗೆ ಬಂದಿದ್ದೇನೆ. ಬಂದ ಮೂರನೇ ದಿನ ಎದುರು ಮನೆಯ ದೊಡ್ಡಮ್ಮ ನಮ್ಮ ಜಗಲಿಗೆ ಬಂದು ಕೂತರು. ಅವರ ಮಗಳು ಇರುವುದು ಅಮೆರಿಕದ ಚಿಕಾಗೋ ಪಕ್ಕದ ಅರೋರಾದಲ್ಲಿ, ನಾವಿರುವ ನೇಪರ್‌ವಿಲ್‌ಗೆ ಅಂಟಿಕೊಂಡೇ ಇರುವ ಊರು. ಮೇ ತಿಂಗಳಲ್ಲಿ ದೊಡ್ಡಮ್ಮ, ದೊಡ್ಡಪ್ಪ ಇಬ್ಬರೂ ಅಲ್ಲಿಗೆ ಹೊರಟಿದ್ದಾರೆ, ಆರು ತಿಂಗಳಿಗೆ. "ಅಲ್ಲಿ ಹೋಗಿ ನಾವು ಏನು ಮಾಡೋದಮ್ಮ? ಮಗಳು ಅಳಿಯ ಕೆಲಸಕ್ಕೆ ಹೋಗ್ತಾರೆ. ಶನಿವಾರ ಭಾನುವಾರ ಎಲ್ಲಾದ್ರೂ ಕರ್ಕೊಂಡು ಹೋಗ್ತೀವಿ ಅಂದಿದ್ದಾರೆ, ನನ್ನ ಮಂಡಿ ನೋಡಿದ್ರೆ ಹಿಂಗಿದೆ" ಅಂದರು.

ಅವರಿಗೆ ಒಂದು ಗಂಟೆ ಕೂತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೂಡಿಗೆರೆ, ಸಕಲೇಶಪುರ, ಹಾಸನ, ಎಲ್ಲಿ ನೋಡಿದರೂ ಮಕ್ಕಳು ಹೊರದೇಶದಲ್ಲಿರುವ ಮನೆಗಳು ಈಗ ಜಾಸ್ತಿ, ಅಲ್ವಾ? ಅವರಲ್ಲಿ ಯಾರಾದರೂ ಚಿಕಾಗೋ ಕಡೆ ಹೊರಟಿದ್ದರೆ ಉಪಯೋಗವಾಗಲಿ.

ಮೊದಲ ಮಾತು: ಚಿಕಾಗೋ ಅಂದರೆ ಬರೀ ಪೇಟೆ ಅಲ್ಲ. ಸುತ್ತಲೂ ನೂರಾರು ಸಣ್ಣ ಊರುಗಳಿವೆ, ಅವನ್ನು ಸಬರ್ಬ್ ಅಂತಾರೆ, ನಮ್ಮವರು ಹೆಚ್ಚಿನವರು ಮನೆ ಮಾಡಿರುವುದು ಅಲ್ಲೇ. ನಮ್ಮ ಅಪ್ಪ ಅಮ್ಮ ಬಂದಾಗ ನಾವು ಅದನ್ನು ಮರೆತು ಮೊದಲ ವಾರವೇ ಅವರನ್ನು ಪೇಟೆಗೆ ಕರೆದುಕೊಂಡು ಹೋದೆವು. ಜುಲೈ ಬಿಸಿಲು. ಕಾರು ನಿಲ್ಲಿಸಲು ಮುಕ್ಕಾಲು ಗಂಟೆ, ಒಂದು ಎತ್ತರದ ಕಟ್ಟಡ ಹತ್ತಲು ಒಂದೂವರೆ ಗಂಟೆ ಸಾಲು. ಅಮ್ಮ ಕೊನೆಗೆ ಯಾವುದೋ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾಲ್ಕು ವರ್ಷದ ಮಗ ಅಳುತ್ತಿದ್ದ. ಅಪ್ಪ ಏನೂ ಹೇಳಲಿಲ್ಲ, ಆದರೆ ಮುಂದಿನ ಶನಿವಾರ "ನಾನು ಮನೇಲೇ ಇರ್ತೀನಿ" ಅಂದರು. ನನಗೆ ತುಂಬಾ ಬೇಜಾರಾಯಿತು. ಅಷ್ಟು ದೂರದಿಂದ ಬಂದಿದ್ದಾರೆ, ಮೊಮ್ಮಕ್ಕಳ ಜೊತೆ ಒಂದು ದಿನ ಖುಷಿಯಾಗಿ ಕಳೆಯುವ ಜಾಗ ತೋರಿಸಲು ಆಗಲಿಲ್ಲವಲ್ಲ ಅಂತ.

ಆಮೇಲೆ ನಾವು ಪೇಟೆಯ ಕಡೆ ಹೋಗಲಿಲ್ಲ. ಹೊರಗಿನ ಊರುಗಳಲ್ಲೇ ಸುತ್ತಿದೆವು.

ಎಲ್ಲಕ್ಕಿಂತ ಮೊದಲು ಹೇಳಬೇಕಾದ್ದು ಲೈಲ್ ಊರಿನ ಮಾರ್ಟನ್ ಆರ್ಬೊರೀಟಮ್. ಮರಗಳದ್ದೇ ತೋಟ ಅದು. 1,700 ಎಕರೆ. ನಮ್ಮ ಅಪ್ಪನಿಗೆ ಮೈಲಿ, ಡಾಲರ್ ಯಾವುದೂ ತಲೆಗೆ ಹತ್ತುವುದಿಲ್ಲ, ಎಕರೆ ಅಂದರೆ ಮಾತ್ರ ತಕ್ಷಣ ಕಣ್ಣ ಮುಂದೆ ಬರುತ್ತದೆ. ಆಲ್ದೂರಿನ ಹತ್ತಿರ ನಮ್ಮದು ಆರು ಎಕರೆ ಕಾಫಿ ತೋಟ. "ಸಾವಿರದ ಏಳುನೂರು ಎಕರೆ ಬರೀ ಮರವಾ? ಇದಕ್ಕೆಲ್ಲ ಮರಗಸಿ ಮಾಡೋರು ಯಾರು?" ಅಂತ ಕೇಳಿದರು. ತೋಟದ ನೆರಳಿನ ಮರಗಳ ಕೊಂಬೆ ಸವರುವುದಕ್ಕೆ ನಮ್ಮ ಕಡೆ ಮರಗಸಿ ಅಂತಾರೆ. ಇದನ್ನು 1922ರಲ್ಲಿ ಶುರು ಮಾಡಿದವರು ಜಾಯ್ ಮಾರ್ಟನ್, ಉಪ್ಪಿನ ವ್ಯಾಪಾರದ ದೊಡ್ಡ ಕುಳ. ಅಲ್ಲಿನ ಅಂಗಡಿಗಳಲ್ಲಿ ಇವತ್ತಿಗೂ ಮಾರ್ಟನ್ ಉಪ್ಪು ಸಿಗುತ್ತದೆ, ಡಬ್ಬದ ಮೇಲೆ ಕೊಡೆ ಹಿಡಿದ ಹುಡುಗಿಯ ಚಿತ್ರ, ನಮ್ಮ ಅಡುಗೆಮನೆಯಲ್ಲೂ ಅದೇ ಇರುವುದು. ಈ ಜಾಯ್ ಮಾರ್ಟನ್ ಅವರ ತಂದೆ 1872ರಲ್ಲಿ ನೆಬ್ರಾಸ್ಕದಲ್ಲಿ ಗಿಡ ನೆಡುವ ಹಬ್ಬ ಶುರು ಮಾಡಿಸಿದವರು. ನಮ್ಮ ವನಮಹೋತ್ಸವ ಶುರುವಾಗಿದ್ದು 1950ರಲ್ಲಿ. ಅಪ್ಪ ಸ್ಕೂಲಿನಲ್ಲಿದ್ದಾಗ ನೆಟ್ಟ ಹೊಂಗೆ ಗಿಡದ ಕತೆಯನ್ನು ಅವತ್ತು ಮೊದಲ ಸಲ ಮೊಮ್ಮಗಳಿಗೆ ಹೇಳಿದರು. ನಾನೂ ಮೊದಲ ಸಲವೇ ಕೇಳಿದ್ದು.

ಅಲ್ಲಿ ಮರಗಳಿಗೆ ಹೆಸರಿನ ಪಟ್ಟಿ ಹಾಕಿದ್ದಾರೆ. ಎಂಟು ವರ್ಷದ ನನ್ನ ಮಗಳು ಓದುತ್ತಾ ಹೋದಳು, ಅಪ್ಪ ಹಿಂದೆ ಹಿಂದೆ. ಒಂದು ಮರದ ಹತ್ತಿರ ನಿಂತು "ಇದು ಬರ್ ಓಕ್, ಅಜ್ಜ" ಅಂದಳು. ಅಪ್ಪ "ಓಕ್ ನಮ್ಮ ತೋಟದಲ್ಲೂ ಇದೆಯಲ್ಲ, ಸಿಲ್ವರ್ ಓಕ್" ಅಂದರು. ಎಲೆ ನೋಡಿದರು, ಯಾಕೋ ಹೊಂದಲಿಲ್ಲ. ನಾನು ಮೊಬೈಲಿನಲ್ಲಿ ಹುಡುಕಿ ಹೇಳಿದೆ: ನಮ್ಮ ಸಿಲ್ವರ್ ಓಕ್ ಓಕ್ ಜಾತಿಯದ್ದೇ ಅಲ್ಲ, ಅದು ಆಸ್ಟ್ರೇಲಿಯಾದಿಂದ ಬಂದ ಬೇರೆಯೇ ಮರ. ನಲವತ್ತು ವರ್ಷ ಅದಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ ಮನುಷ್ಯ, ಆ ಮಾತು ಕೇಳಿ ಸುಮ್ನೆ ನಿಂತುಬಿಟ್ಟರು. ಆಮೇಲೆ ಬೊಡ್ಡೆಯ ಮೇಲೆ ಕೈ ಇಟ್ಟು ತೊಗಟೆ ಮುಟ್ಟಿ ನೋಡಿದರು. ಬರ್ ಓಕಿನ ತೊಗಟೆ ತುಂಬಾ ದಪ್ಪ, ಹುಲ್ಲುಗಾವಲಿಗೆ ಬೆಂಕಿ ಬಿದ್ದರೂ ಮರ ಉಳಿಯುವುದು ಅದರಿಂದಲೇ. "ಎಷ್ಟು ಒರಟು ನೋಡು, ಬಳ್ಳಿ ಚೆನ್ನಾಗಿ ಹಿಡೀತಿತ್ತು" ಅಂದರು.

ಅದು ಸೆಪ್ಟೆಂಬರ್. ಕೆಳಗೆ ಕಾಯಿ ಉದುರಿದ್ದವು, ಜಾಲರಿಯಂಥ ಟೋಪಿ ಹಾಕಿಕೊಂಡ ಕಾಯಿ. ಅಪ್ಪ ಒಂದು ಹೆಕ್ಕಿ ಜೇಬಿಗೆ ಹಾಕಿಕೊಂಡರು, ಊರಲ್ಲಿ ಹುಗಿದು ನೋಡೋಣ ಅಂತ. ಮಗಳು ಬಿಡಲಿಲ್ಲ. "ಇಲ್ಲಿಂದ ಏನೂ ತಗೊಂಡು ಹೋಗಬಾರದು ಅಜ್ಜ, ವಿಮಾನದಲ್ಲೂ ಬೀಜ ಬಿಡಲ್ಲ" ಅಂತ ವಾಪಸ್ ಹಾಕಿಸಿದಳು. ಅವತ್ತಿನಿಂದ ಇಬ್ಬರಿಗೂ ಅಲ್ಲಿಗೆ ಹೋಗುವುದೇ ಹುಚ್ಚು. ವಾಪಸ್ ಬರುವುದರೊಳಗೆ ಒಂಬತ್ತು ಸಲ ಹೋದೆವು. ವರ್ಷದ ಸದಸ್ಯತ್ವ ತೆಗೆದುಕೊಂಡಿದ್ದರಿಂದ ಖರ್ಚು ಹಗುರವಾಯಿತು. ಮಂಡಿ ನೋವಿನವರಿಗೆ ಇನ್ನೊಂದು ಅನುಕೂಲ ಅಂದರೆ, ಒಳಗೆ ಕಾರಿನಲ್ಲೇ ಸುತ್ತುವ ರಸ್ತೆ ಇದೆ, ಸುಮಾರು 14 ಕಿಲೋಮೀಟರ್. ಬೇಕಾದಲ್ಲಿ ನಿಲ್ಲಿಸಿ ಇಳಿಯಬಹುದು. ಸಣ್ಣ ಮಕ್ಕಳಿಗೆ ಅಂತಲೇ ನಾಲ್ಕು ಎಕರೆಯ ತೋಟ ಬೇರೆ ಇದೆ, ನೀರಲ್ಲಿ ಆಡಬಹುದು, ಹತ್ತಿ ಇಳಿಯಬಹುದು. ಅಕ್ಟೋಬರ್ ಮಧ್ಯದಲ್ಲಿ ಮೇಪಲ್ ಮರಗಳು ಕೆಂಪಾಗುತ್ತವೆ. ಆಗ ಒಂದು ಸಲ ಖಂಡಿತ ಹೋಗಿ, ದೊಡ್ಡಮ್ಮನಿಗೂ ಅದನ್ನೇ ಒತ್ತಿ ಹೇಳಿದ್ದೇನೆ.

ಎರಡನೆಯದು ಬಟೇವಿಯಾದ ಫರ್ಮಿಲ್ಯಾಬ್. ಅಣುವಿಗಿಂತ ಸಣ್ಣ ಕಣಗಳ ಬಗ್ಗೆ ಸಂಶೋಧನೆ ಮಾಡುವ ಸರ್ಕಾರಿ ಪ್ರಯೋಗಾಲಯ. ಟಾಪ್ ಕ್ವಾರ್ಕ್ ಅನ್ನುವ ಕಣವನ್ನು 1995ರಲ್ಲಿ ಪತ್ತೆ ಮಾಡಿದ್ದು ಅಲ್ಲೇ. ಮಕ್ಕಳನ್ನು, ಅಜ್ಜಿಯನ್ನು ಅಲ್ಲಿಗೆ ಯಾಕೆ ಕರೆದೊಯ್ಯಬೇಕು ಅಂತೀರಾ? ಅಲ್ಲಿ ಕಾಡೆಮ್ಮೆಯಂಥ ಬೈಸನ್ ಹಿಂಡಿದೆ! ಮೊದಲ ನಿರ್ದೇಶಕರಾದ ರಾಬರ್ಟ್ ವಿಲ್ಸನ್ 1969ರಲ್ಲಿ ತರಿಸಿದ್ದು. 6,800 ಎಕರೆ ಜಾಗ, ಅದರಲ್ಲಿ ಬೇಲಿಯೊಳಗೆ ಅವು ಮೇಯುತ್ತಿರುತ್ತವೆ. ನಮ್ಮ ಕಡೆ ಕಾಡೆಮ್ಮೆಗೆ ಕಾಟಿ ಅಂತಾರೆ, ಆ ಹೆಸರು ಕೇಳಿದರೇ ಎದೆ ಢವಢವ ಅನ್ನುತ್ತದೆ, ತೋಟದಲ್ಲಿ ಎದುರಾದರೆ ಹಿಂದೆ ನೋಡದೆ ಓಡುವವರು ನಾವು. ಇಲ್ಲಿ ಅಮ್ಮ ಬೇಲಿಯ ಹೊರಗೆ ನಿಂತು ನೆಮ್ಮದಿಯಾಗಿ ನೋಡಿದರು. "ನಮ್ಮ ಕಾಟಿ ಇದಕ್ಕಿಂತ ಎತ್ತರ, ಮೈ ನುಣುಪು. ಇದು ಕಂಬಳಿ ಹೊದ್ದ ಹಾಗಿದೆ" ಅಂದರು. ಅಪ್ಪ ರಾತ್ರಿ ತೋಟಕ್ಕೆ ಕಾಟಿ ನುಗ್ಗಿದ ಕತೆ ಶುರು ಮಾಡಿದರೆ ಮಗ ಕಣ್ಣು ಮಿಟುಕಿಸದೆ ಕೇಳುತ್ತಿದ್ದ. ವಸಂತದಲ್ಲಿ ಹೋದರೆ ಕರುಗಳು ಇರುತ್ತವೆ, ಕಿತ್ತಳೆ ಕೆಂಪು ಬಣ್ಣದವು. ಗೇಟಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆ, ಹೊರದೇಶದವರು ಪಾಸ್‌ಪೋರ್ಟನ್ನೇ ಇಟ್ಟುಕೊಳ್ಳಿ. ಹೊರಡುವ ಮುಂಚೆ ಅವತ್ತು ಸಾರ್ವಜನಿಕರಿಗೆ ಬಿಡುತ್ತಾರಾ ಅಂತ ನೋಡಿಕೊಳ್ಳಿ.

ಬ್ರೂಕ್‌ಫೀಲ್ಡ್ ಮೃಗಾಲಯಕ್ಕೆ ಎಲ್ಲರೂ ಹೋಗುತ್ತಾರೆ, ಹೋಗಬೇಕಾದ್ದೇ. 1934ರಲ್ಲಿ ತೆರೆದದ್ದು, 216 ಎಕರೆ. ಆ ಕಾಲಕ್ಕೇ ಕಂಬಿ ಹಾಕದೆ ಕಂದಕ ತೋಡಿ ಪ್ರಾಣಿಗಳನ್ನು ಬಯಲಲ್ಲಿ ಇಟ್ಟವರು ಅವರು. ಆದರೆ ನಡೆಯುವುದು ಜಾಸ್ತಿ. ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ, ಸಂಕೋಚ ಬೇಡ, ತೆಗೆದುಕೊಳ್ಳಿ. ಅಮ್ಮ ಮೊದಲು ಒಪ್ಪಲಿಲ್ಲ. ಮೊಮ್ಮಗ ತೊಡೆಯ ಮೇಲೆ ಕೂತು "ಅಜ್ಜಿ, ನಮ್ಮ ಗಾಡಿ" ಅಂದಾಗ ಒಪ್ಪಿದರು.

ದೇವಸ್ಥಾನಗಳ ಬಗ್ಗೆ ನಿಮಗೆ ಬಂದ ದಿನವೇ ಎಲ್ಲರೂ ಹೇಳುತ್ತಾರೆ. ಅರೋರಾದ ಬಾಲಾಜಿ, ಲೆಮಾಂಟ್‌ನ ರಾಮ ದೇವಸ್ಥಾನ, ಎರಡೂ ನಮ್ಮವರಿಗೆ ಮನೆಯಿದ್ದ ಹಾಗೆ. ಲೆಮಾಂಟ್‌ನದ್ದು ಗುಡ್ಡದ ಮೇಲಿದೆ, ಅಲ್ಲೇ ವಿವೇಕಾನಂದರ ಪ್ರತಿಮೆಯೂ ಇದೆ, 1893ರಲ್ಲಿ ಅವರು ಮಾತನಾಡಿದ್ದು ಚಿಕಾಗೋದಲ್ಲೇ ಅಲ್ಲವೇ. ನಾನು ಹೆಚ್ಚು ಹೇಳಬೇಕಾದ್ದು ಬಾರ್ಟ್‌ಲೆಟ್‌ನ ಸ್ವಾಮಿನಾರಾಯಣ ಮಂದಿರದ ಬಗ್ಗೆ. 2004ರಲ್ಲಿ ತೆರೆದದ್ದು. ಇಟಲಿಯ ಅಮೃತಶಿಲೆ, ಟರ್ಕಿಯ ಸುಣ್ಣದ ಕಲ್ಲು. ಅದನ್ನು ಭಾರತಕ್ಕೆ ತಂದು, ಇಲ್ಲಿನ ಶಿಲ್ಪಿಗಳು ಕೆತ್ತಿ, ತುಂಡು ತುಂಡಾಗಿ ಹಡಗಿನಲ್ಲಿ ಕಳಿಸಿ ಅಲ್ಲಿ ಜೋಡಿಸಿದ್ದಾರೆ. ಅಮ್ಮನ ತವರು ಹಳೇಬೀಡು. ಚಿಕ್ಕಂದಿನಲ್ಲಿ ಹೊಯ್ಸಳೇಶ್ವರ ಗುಡಿಯ ಅಂಗಳದಲ್ಲೇ ಆಡಿ ಬೆಳೆದವರು. ಕಂಬದಿಂದ ಕಂಬಕ್ಕೆ ಹೋಗಿ ನೋಡಿದರು. ನನ್ನ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ನಮ್ಮದು ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಬರ್ತಾ ಬರ್ತಾ ಗಟ್ಟಿಯಾಗುತ್ತೆ, ಅದಕ್ಕೇ ಅಷ್ಟು ಸಣ್ಣ ಕೆಲಸ ಮಾಡೋಕಾಯಿತು, ಇದು ಬಿಳೀ ಕಲ್ಲು, ಇದರ ಚೆಂದವೇ ಬೇರೆ ಅಂತ ವಿವರಿಸಿದರು. ಈ ಸಲ ಊರಿಗೆ ಬಂದಾಗ ಮಗಳು ಕೇಳಿದ ಮೊದಲ ಜಾಗ ಹಳೇಬೀಡು. ಕಳೆದ ಭಾನುವಾರ ಹೋಗಿ ಬಂದೆವು, ಅಜ್ಜಿ ಹೇಳಿದ ಆನೆ ಸಾಲನ್ನು ಕೈ ಬೆರಳಿಟ್ಟು ಎಣಿಸಲು ಶುರು ಮಾಡಿ ಅರ್ಧಕ್ಕೇ ಸುಸ್ತಾದಳು.

ನೀರು ಇಷ್ಟಪಡುವವರು ಉತ್ತರದ ಕಡೆ ವಿಲ್ಮೆಟ್‌ಗೆ ಹೋಗಿ. ಅಲ್ಲಿ ಬಹಾಯಿ ಧರ್ಮದವರ ಪ್ರಾರ್ಥನಾ ಮಂದಿರ ಇದೆ, ಒಂಬತ್ತು ಮೂಲೆಯ ಬಿಳಿ ಕಟ್ಟಡ, 1953ರಲ್ಲಿ ಲೋಕಾರ್ಪಣೆಯಾದದ್ದು. ಯಾರು ಬೇಕಾದರೂ ಒಳಗೆ ಹೋಗಿ ಸುಮ್ಮನೆ ಕೂರಬಹುದು, ದುಡ್ಡಿಲ್ಲ. ಅಲ್ಲಿಂದ ಐದು ನಿಮಿಷಕ್ಕೆ ಮಿಷಿಗನ್ ಸರೋವರ. ಅಯ್ಯನಕೆರೆ ನೋಡಿ ಅಬ್ಬಾ ಅಂದವರು ನಾವು. ಇದು ಉದ್ದಕ್ಕೆ ಸುಮಾರು 500 ಕಿಲೋಮೀಟರ್, ಆಚೆ ದಡ ಕಾಣುವುದೇ ಇಲ್ಲ. ಅಮ್ಮ ಬೊಗಸೆಯಲ್ಲಿ ನೀರು ಎತ್ತಿ ನಾಲಿಗೆಗೆ ಇಟ್ಟು ನೋಡಿ "ಉಪ್ಪಿಲ್ಲ, ಕೆರೆನೇ" ಅಂದರು.

ಇವೆಲ್ಲ ಶನಿವಾರ ಭಾನುವಾರದ ಮಾತಾಯಿತು. ಉಳಿದ ಐದು ದಿನ? ದೊಡ್ಡಮ್ಮನ ನಿಜವಾದ ಚಿಂತೆ ಅದೇ ಅಂತ ನನಗೆ ಗೊತ್ತಿತ್ತು. ನೇಪರ್‌ವಿಲ್‌ನಲ್ಲಿ ಹೊಳೆ ದಂಡೆಗೆ ಇಟ್ಟಿಗೆ ಹಾಸಿದ ಕಾಲುದಾರಿ ಇದೆ, ರಿವರ್‌ವಾಕ್ ಅಂತ, ಊರಿಗೆ 150 ವರ್ಷ ತುಂಬಿದ ನೆನಪಿಗೆ 1981ರಲ್ಲಿ ಮಾಡಿದ್ದು. ಮರದ ನೆರಳು, ಬಾತುಕೋಳಿ, ಅಲ್ಲಲ್ಲಿ ಬೆಂಚು. ಸಂಜೆ ಐದರ ಮೇಲೆ ಅಲ್ಲಿ ಊರಿಂದ ಬಂದ ಅಪ್ಪ ಅಮ್ಮಂದಿರು ಸಿಗುತ್ತಾರೆ. ಸ್ವೆಟರ್, ಮೇಲೆ ಶಾಲು, ಕಾಲಿಗೆ ಬೂಟು, ದೂರದಿಂದಲೇ ಗುರುತು ಹತ್ತುತ್ತದೆ. ಅಪ್ಪನಿಗೆ ಅಲ್ಲಿ ಅರಸೀಕೆರೆಯ ಒಬ್ಬರು ಸಿಕ್ಕರು, ತೆಂಗಿನ ತೋಟದವರು. ನುಸಿ ರೋಗದ ಮಾತು ಶುರುವಾದರೆ ಇಬ್ಬರಿಗೂ ಕತ್ತಲಾದದ್ದೇ ತಿಳಿಯುತ್ತಿರಲಿಲ್ಲ. ಆ ಸ್ನೇಹ ಇವತ್ತಿಗೂ ಫೋನಿನಲ್ಲಿ ನಡೆಯುತ್ತಿದೆ. ಮಕ್ಕಳೇ, ನಿಮ್ಮ ಅಪ್ಪ ಅಮ್ಮ ಬಂದಾಗ ಆಫೀಸಿನಿಂದ ಅರ್ಧ ಗಂಟೆ ಬೇಗ ಹೊರಟು ಅವರನ್ನು ಇಂಥ ಕಡೆ ಬಿಟ್ಟು ಬನ್ನಿ. ದೊಡ್ಡ ದೊಡ್ಡ ಪ್ರವಾಸಕ್ಕಿಂತ ಅವರಿಗೆ ಬೇಕಿರುವುದು ಇದು.

ಕಾರಿಲ್ಲದೆ ಅಲ್ಲಿ ಓಡಾಟ ಕಷ್ಟ, ಅದನ್ನು ಮೊದಲೇ ತಿಳಿದುಕೊಂಡಿರಿ. ಊಟದ ಚಿಂತೆ ಮಾಡಬೇಡಿ. ಕೌಂಟಿಗಳ (ನಮ್ಮ ಜಿಲ್ಲೆಗಳಿದ್ದ ಹಾಗೆ) ಕಾಯ್ದಿಟ್ಟ ಕಾಡುಗಳಿವೆ, ಫಾರೆಸ್ಟ್ ಪ್ರಿಸರ್ವ್ ಅಂತ ಬೋರ್ಡು ಇರುತ್ತದೆ, ಅಲ್ಲಿ ಮೇಜು ಬೆಂಚು ಹಾಕಿರುತ್ತಾರೆ, ಪ್ರವೇಶಕ್ಕೆ ದುಡ್ಡು ಕೇಳುವುದಿಲ್ಲ. ಪುಳಿಯೋಗರೆ, ಮೊಸರನ್ನ, ಉಪ್ಪಿನಕಾಯಿ ಡಬ್ಬಿಗೆ ಹಾಕಿಕೊಂಡು ಹೋದರೆ ಸಾಕು. ಉಣ್ಣಿ ಹುಳ ಇರುತ್ತದೆ, ನಮ್ಮ ತೋಟದ ಹಾಗೇ, ಮನೆಗೆ ಬಂದ ಮೇಲೆ ಮಕ್ಕಳ ಕಾಲು, ಕಂಕುಳು ನೋಡಿ.

ಇಷ್ಟೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಅಮ್ಮ ಎರಡನೇ ಸಲ ಕಾಫಿ ತಂದಿದ್ದರು. ದೊಡ್ಡಮ್ಮ ಸೀರೆ ಸೆರಗು ಸರಿ ಮಾಡಿಕೊಂಡು, "ಚಪ್ಪಲಿಯಲ್ಲಿ ನಡೆಯೋಕಾಗುತ್ತಾ ಅಲ್ಲಿ?" ಅಂತ ಒಂದೇ ಮಾತು ಕೇಳಿದರು. ಆಗಲ್ಲ ಅಂದೆ. ನಿನ್ನೆ ಅವರನ್ನು ಎಂ.ಜಿ. ರಸ್ತೆಗೆ ಕರೆದುಕೊಂಡು ಹೋಗಿ ಬೂಟು ಕೊಡಿಸಿದೆ. ಜೀವನದಲ್ಲಿ ಮೊದಲ ಸಲ ಹಾಕಿದ್ದಂತೆ. ಅಂಗಡಿಯಲ್ಲೇ ಎರಡು ಸುತ್ತು ನಡೆದು ನೋಡಿದರು, ಒಂದು ಸೈಜ್ ದೊಡ್ಡದೇ ಕೊಡಿ ಅಂದರು, ಕಾಲುಚೀಲ ಹಾಕಬೇಕಲ್ಲ ಅಂತ.