ಕತೆಯ ಹೊತ್ತು ಬೇರೆ, ಅಕ್ಷರದ ಹೊತ್ತು ಬೇರೆ

14 ಜೂನ್ 2024, ಶುಕ್ರವಾರ

ಇವತ್ತು ಬರೆದಿಡಬೇಕಾದ್ದು ಒಂದೇ ವಿಷಯ. ಚಿಕ್ಕ ಮಕ್ಕಳಿಗೆ ಮನೆಯಲ್ಲಿ ಓದಿನ ರುಚಿ ಹತ್ತಬೇಕಾದರೆ, ಕತೆ ಓದಿ ಹೇಳುವ ಹೊತ್ತು ಮತ್ತು ಅಕ್ಷರ ಕಲಿಸುವ ಹೊತ್ತು ಒಂದಕ್ಕೊಂದು ತಾಗಬಾರದು. ಎರಡೂ ಬೇಕು. ಆದರೆ ಒಂದೇ ಪುಸ್ತಕ ಹಿಡಿದು, ಕೂತ ಕೂತಲ್ಲೇ ಎರಡನ್ನೂ ಮುಗಿಸಹೊರಟರೆ ಕತೆಯೂ ಕೆಡುತ್ತದೆ, ಅಕ್ಷರವೂ ತಲೆಗೆ ಹತ್ತುವುದಿಲ್ಲ. ಎಷ್ಟೋ ಮನೆಗಳಲ್ಲಿ ಓದು ಜಗಳವಾಗುವುದು ಇಲ್ಲೇ. ಹುಲಿ ಇನ್ನೇನು ನೆಗೆಯಬೇಕು ಅನ್ನುವಾಗ ದೊಡ್ಡವರ ಬೆರಳು ಬಂದು ನಿಲ್ಲುತ್ತದೆ: “ಇದ್ಯಾವ ಅಕ್ಷರ ಹೇಳು ನೋಡೋಣ.” ಮಗು ಪುಸ್ತಕ ಮುಚ್ಚಿ ಎದ್ದುಹೋಗುತ್ತದೆ.

1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಓದನ್ನು ಒಂದು ಸರಳ ಗುಣಾಕಾರವಾಗಿ ಬರೆದರು. ಅಕ್ಷರ ಬಿಡಿಸಿ ಓದುವ ಶಕ್ತಿಯನ್ನು, ಕೇಳಿದ ಭಾಷೆಯನ್ನು ಅರ್ಥಮಾಡಿಕೊಳ್ಳುವ ಶಕ್ತಿಯಿಂದ ಗುಣಿಸಿದರೆ ಬರುವುದೇ ಓದು. ಕೂಡಿಸುವುದಲ್ಲ, ಗುಣಿಸುವುದು. ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಉತ್ತರ ಸೊನ್ನೆಯೇ. ಕತೆ ಕೇಳುವುದರಿಂದ ಬೆಳೆಯುವುದು ಅರ್ಥದ ಕಡೆಯ ಶಕ್ತಿ. ಅಕ್ಷರ ತಾನಾಗಿ ಬರುವುದಿಲ್ಲ. ಕತೆ ಕೇಳುವಾಗ ಮಕ್ಕಳ ಕಣ್ಣು ಎಲ್ಲಿ ಓಡಾಡುತ್ತದೆ ಎಂದು ಕೆನಡಾದ ಸಂಶೋಧಕರು ಯಂತ್ರವಿಟ್ಟು ಅಳೆದು 2005ರಲ್ಲಿ ಪ್ರಕಟಿಸಿದರು: ಕಣ್ಣು ಹೆಚ್ಚುಕಡಿಮೆ ಪೂರ್ತಿ ಚಿತ್ರದ ಮೇಲೇ ಇತ್ತು, ಅಕ್ಷರದ ಮೇಲೆ ನಿಂತದ್ದು ತೀರ ಅಪರೂಪ. ಹಾಗಾಗಿ “ದಿನಾ ಕತೆ ಓದ್ತೀವಿ, ಆದರೂ ಅಕ್ಷರ ಬಂದಿಲ್ಲ” ಎಂದು ಗಾಬರಿ ಬೀಳಬೇಕಿಲ್ಲ. ಅದು ಆ ಹೊತ್ತಿನ ಕೆಲಸವೇ ಅಲ್ಲ.

ಮೊದಲು ಕತೆಯ ಹೊತ್ತು.

ಹುಟ್ಟಿದ ಮಗುವಿಗೆ ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದ್ದು ಮಾತ್ರ. ಪುಸ್ತಕ ಅಷ್ಟೇ ಹತ್ತಿರ ಇರಲಿ, ಚಿತ್ರ ದೊಡ್ಡದಾಗಿ, ಕಪ್ಪು ಬಿಳುಪಿನಷ್ಟು ಎದ್ದು ಕಾಣುವಂತಿರಲಿ. ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ಪುಸ್ತಕ ಬಾಯಿಗೇ ಹೋಗುತ್ತದೆ. ಅದನ್ನು ತಡೆಯುವ ಬದಲು ದಪ್ಪ ರಟ್ಟಿನ ಹಾಳೆಗಳ ಪುಸ್ತಕ ಕೊಡಿ, ಆಮೇಲೆ ಒರೆಸಿಡಿ. ಹರಿಯುತ್ತದೆ ಎಂದು ಪುಸ್ತಕಗಳನ್ನು ಬೀರುವಿನೊಳಗೆ ಬೀಗ ಹಾಕಿಟ್ಟ ಮನೆಯಲ್ಲಿ ಮಗು ಕಲಿಯುವುದು ಒಂದೇ, ಇದು ನನ್ನದಲ್ಲ ಅಂತ. ಹರಿದ ಹಾಳೆಗೆ ಅಂಟುಪಟ್ಟಿ ಸಾಕು.

ಎಷ್ಟು ಹೊತ್ತು? ಒಂದು ವರ್ಷದೊಳಗೆ ಎರಡು ಮೂರು ನಿಮಿಷ. ಎರಡು ವರ್ಷಕ್ಕೆ ಐದು ನಿಮಿಷದಂತೆ ದಿನಕ್ಕೆ ಎರಡು ಸಲ. ನಾಲ್ಕೈದು ವರ್ಷಕ್ಕೆ ಹತ್ತು ಹದಿನೈದು ನಿಮಿಷ. ಗಡಿಯಾರಕ್ಕಿಂತ ಮಗುವಿನ ಮೈ ನೋಡುವುದು ಒಳ್ಳೆಯದು. ಕಾಲು ಆಡಿಸತೊಡಗಿದರೆ, ಎರಡೆರಡು ಹಾಳೆ ಒಟ್ಟಿಗೆ ತಿರುವಿದರೆ, ಮುಗಿಸುವ ಹೊತ್ತಾಯಿತು. “ಇನ್ನೂ ಓದು” ಅನ್ನುವಾಗಲೇ ನಿಲ್ಲಿಸಿದರೆ ನಾಳೆ ಅದೇ ಪುಸ್ತಕ ಹಿಡಿದು ಬರುತ್ತದೆ. ಸಾಕಾದ ಮೇಲೂ ಕೂರಿಸಿ ಕತೆ ಮುಗಿಸಿದರೆ ಉಳಿಯುವುದು ಬೇಸರದ ನೆನಪು ಮಾತ್ರ. ಅರ್ಧಕ್ಕೆ ನಿಂತ ಕತೆಯಿಂದ ಯಾರಿಗೂ ನಷ್ಟವಿಲ್ಲ. ಓಡಾಡುತ್ತ ಕೇಳುವ ಮಗುವೂ ಕೇಳುತ್ತಲೇ ಇರುತ್ತದೆ, ಕೈಕಟ್ಟಿ ಕೂರಲಿ ಎಂಬ ಹಟ ಬೇಡ.

ಮಲಗುವ ಮುಂಚೆ ಓದುವುದು ಒಳ್ಳೆಯ ರೂಢಿ. ಆದರೆ ಹೊಸ ಪುಸ್ತಕವನ್ನು ಆಗ ತೆರೆಯಬಾರದು. ದಣಿದ ಮಗುವಿಗೆ ಹೊಸ ಪಾತ್ರ, ಹೊಸ ಪದ ಭಾರವಾಗುತ್ತವೆ. ಹೊಸದಕ್ಕೆ ಹಗಲು, ಗೊತ್ತಿರುವುದಕ್ಕೆ ರಾತ್ರಿ.

ಪ್ರಶ್ನೆ ಕೇಳುವ ವಿಚಾರಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡಬೇಕು, ಯಾಕೆಂದರೆ ಇಲ್ಲಿ ಮಾಡಿದ್ದಷ್ಟೂ ದಕ್ಕುತ್ತದೆ, ತಪ್ಪಿದ್ದಷ್ಟೂ ಕೆಡುತ್ತದೆ. ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವರ್ಷದ ಆಸುಪಾಸಿನ ಮಕ್ಕಳ ತಂದೆತಾಯಿಗೆ ಓದುವ ರೀತಿಯನ್ನಷ್ಟೇ ಬದಲಿಸಲು ಹೇಳಿಕೊಟ್ಟರು. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು ಉಳಿದವರಿಗಿಂತ ಮುಂದೆ ಹೋಗಿತ್ತು. ರೀತಿ ಇಷ್ಟೇ: ದೊಡ್ಡವರು ಓದಿ, ಮಗು ಸುಮ್ಮನೆ ಕೇಳುವ ಬದಲು ನಿಧಾನವಾಗಿ ಮಗುವೇ ಕತೆ ಹೇಳುವವನಾಗಬೇಕು. ಅದಕ್ಕೆ ನಾಲ್ಕು ಸಣ್ಣ ಹೆಜ್ಜೆ. ಚಿತ್ರ ತೋರಿಸಿ ಮಾತಿಗೆಳೆಯುವುದು, ಮಗು ಹೇಳಿದ್ದಕ್ಕೆ ಹೂಂಗುಟ್ಟುವುದು, ಅದಕ್ಕೆ ಎರಡು ಮೂರು ಪದ ಸೇರಿಸಿ ಬೆಳೆಸುವುದು, ಬೆಳೆದ ಮಾತನ್ನು ಮಗುವಿನ ಬಾಯಲ್ಲಿ ಒಮ್ಮೆ ಹೇಳಿಸುವುದು.

“ಬೆಕ್ಕು ಎಲ್ಲೋಯ್ತು?”
“ಮೇಲೆ.”
“ಹೌದು, ಮೇಲೆ. ಗೋಡೆ ಹತ್ತಿ ಕೂತ್ಕೊಂಡಿದೆ. ಏನ್ ಮಾಡ್ತಿದೆ?”
“ಗೋಡೆ ಹತ್ತಿ ಕೂತಿದೆ.”

ಇಷ್ಟಾದರೆ ಆಯಿತು, ಮುಂದಿನ ಹಾಳೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ನಮ್ಮಲ್ಲಿ ಹೆಚ್ಚಿನವರು ಎರಡಕ್ಕೇ ತಾಳ್ಮೆಗೆಟ್ಟು ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ. ಮಗುವಿಗೆ ಪದ ಹುಡುಕಿ ಬಾಯಿಗೆ ತರಲು ಆ ಐದು ಸೆಕೆಂಡು ಬೇಕೇ ಬೇಕು. ಒಂದು ಪುಸ್ತಕಕ್ಕೆ ಮೂರು ನಾಲ್ಕು ಪ್ರಶ್ನೆ ಸಾಕು, ಪ್ರತಿ ಹಾಳೆಗೂ ಪ್ರಶ್ನೆ ಬಂದರೆ ಕತೆ ಹೋಗಿ ಪರೀಕ್ಷೆಯಾಗುತ್ತದೆ. “ಇದೇನು, ಇದೇನು” ಎಂಬ ಹೆಸರು ಹೇಳಿಸುವ ಪ್ರಶ್ನೆ ಎರಡು ವರ್ಷದವರಿಗೆ ಸರಿ. ನಾಲ್ಕು ವರ್ಷದವರಿಗೆ “ಯಾಕೆ ಹೀಗಾಯ್ತು”, “ನೀನಾಗಿದ್ರೆ ಏನ್ ಮಾಡ್ತಿದ್ದೆ” ಎಂಬವು ಬೇಕು. ಕೊನೆಯಲ್ಲಿ “ಈ ಕತೆಯಿಂದ ಏನು ಕಲಿತೆ?” ಎಂದು ದಯವಿಟ್ಟು ಕೇಳಬೇಡಿ. ಅಲ್ಲಿಯವರೆಗೆ ಕಟ್ಟಿದ ಸಂತೋಷವೆಲ್ಲ ಆ ಒಂದು ಪ್ರಶ್ನೆಗೆ ಮುರಿದುಬೀಳುತ್ತದೆ.

ಕನ್ನಡದಲ್ಲಿ ಇನ್ನೊಂದು ಸಂಗತಿಯಿದೆ. ಮನೆಯಲ್ಲಿ ಮಗು ಕೇಳುವುದು “ಹೋಗ್ತಾನೆ, ಬರ್ತಾಳೆ”. ಪುಸ್ತಕದಲ್ಲಿರುವುದು “ಹೋಗುತ್ತಾನೆ, ಬರುತ್ತಾಳೆ”. ದೊಡ್ಡವರಿಗೆ ಇದು ವ್ಯತ್ಯಾಸವೇ ಅಲ್ಲ, ಮಗುವಿಗೆ ಮಾತ್ರ ಅರ್ಧ ಪರಿಚಯದ ಭಾಷೆ. ಮೂರು ವರ್ಷದೊಳಗಿನವರಿಗೆ ಆಡುಮಾತಿನಲ್ಲೇ ಹೇಳಿ, ಅಡ್ಡಿಯಿಲ್ಲ. ಅಲ್ಲಿಂದ ಮುಂದೆ ವಾಕ್ಯವನ್ನು ಅಚ್ಚಾದ ಹಾಗೆ ಒಮ್ಮೆ ಓದಿ, ಅರ್ಥವಾಗದಂತೆ ಕಂಡರೆ ಮನೆಮಾತಿನಲ್ಲಿ ಇನ್ನೊಮ್ಮೆ ಹೇಳಿ. ಎಲ್ಲವನ್ನೂ ಆಡುಮಾತಿಗೆ ತಿರುಗಿಸಿ ಓದುತ್ತ ಹೋದರೆ, ಮುಂದೆ ಮಗು ತಾನೇ ಓದಲು ಕೂತಾಗ ಅಕ್ಷರವೂ ಹೊಸದು, ಭಾಷೆಯೂ ಹೊಸದು ಎಂಬ ಎರಡು ಹೊರೆ ಒಟ್ಟಿಗೇ ಬೀಳುತ್ತವೆ.

ಅದೇ ಪುಸ್ತಕ ಮತ್ತೆ ಮತ್ತೆ ಬೇಕು ಅನ್ನುತ್ತಾರೆ. ಓದಿ. ಮೂರು ವರ್ಷದ ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅವೇ ಕತೆಗಳನ್ನು ಪದೇಪದೇ ಕೇಳಿದ ಮಕ್ಕಳು ಬೇರೆಬೇರೆ ಕತೆ ಕೇಳಿದವರಿಗಿಂತ ಹೆಚ್ಚು ಹೊಸ ಪದ ಕಲಿತರು. ಮೊದಲ ಸಲ ಗಮನವೆಲ್ಲ ಮುಂದೇನು ಎಂಬುದರ ಮೇಲಿರುತ್ತದೆ. ಕತೆ ಗೊತ್ತಾದ ಮೇಲೆ ಪದಗಳ ಕಡೆ ಗಮನ ಕೊಡಲು ಬಿಡುವು ಸಿಗುತ್ತದೆ. ಹೀಗೆ ಕೇಳಿ ಕೇಳಿ ಬಾಯಿಪಾಠವಾದ ಪುಸ್ತಕವನ್ನು ಮಗು ತಾನೇ “ಓದಿ” ತೋರಿಸಿದರೆ ಅದು ಓದಲ್ಲ ಎಂದು ತಿದ್ದಬಾರದು. ಪುಸ್ತಕಕ್ಕೆ ಒಂದು ದಿಕ್ಕಿದೆ, ಪ್ರತಿ ಹಾಳೆಗೂ ಅದರದೇ ಮಾತಿದೆ ಎಂದು ಗೊತ್ತಾಗಿರುವ ಮಗು ಅದು.

ಪುಸ್ತಕ ಇಡುವ ಜಾಗ ನೆಲದ ಹತ್ತಿರ ಇರಲಿ. ಬೆನ್ನು ಕಾಣುವಂತೆ ಜೋಡಿಸಿದರೆ ಓದು ಬಾರದ ಮಗುವಿಗೆ ಎಲ್ಲವೂ ಒಂದೇ, ಆದ್ದರಿಂದ ಮುಖಪುಟ ಕಾಣುವಂತೆ ನಿಲ್ಲಿಸಿ. ಒಂದು ಸಲಕ್ಕೆ ಆರೇಳು ಪುಸ್ತಕ, ಎರಡು ವಾರಕ್ಕೊಮ್ಮೆ ಬದಲು, ಅಚ್ಚುಮೆಚ್ಚಿನ ಎರಡನ್ನು ಮಾತ್ರ ಅಲ್ಲೇ ಬಿಡಿ. ಗುಂಡಿ ಒತ್ತಿದರೆ ಸದ್ದು ಮಾಡುವ, ತಾನೇ ಓದಿಕೊಳ್ಳುವ ಪುಸ್ತಕಗಳ ಬಗ್ಗೆ ಒಂದೇ ಮಾತು: ಅವು ಕೈಯಲ್ಲಿದ್ದಾಗ ದೊಡ್ಡವರ ಮಾತು ಕತೆಯಿಂದ ಗುಂಡಿಯ ಕಡೆಗೆ ಹೊರಳುತ್ತದೆ, “ಅದನ್ನ ಒತ್ತಬೇಡ, ಇದನ್ನ ಒತ್ತು” ಅಂತ.

ಇನ್ನು ಅಕ್ಷರದ ಹೊತ್ತು. ಇದು ನಾಲ್ಕೂವರೆ ಐದು ವರ್ಷಕ್ಕೆ, ದಿನಕ್ಕೆ ಐದರಿಂದ ಎಂಟು ನಿಮಿಷ, ಕತೆಪುಸ್ತಕದ ಹತ್ತಿರ ಸುಳಿಯದೆ, ಬೇರೆ ಜಾಗದಲ್ಲಿ. ವರ್ಣಮಾಲೆಯಲ್ಲಿ 49 ಅಕ್ಷರ ಎಂದರೂ 34 ವ್ಯಂಜನಗಳ ಕಾಗುಣಿತ ಬಿಡಿಸಿದರೆ ನಾನೂರು ದಾಟುತ್ತದೆ, ಒತ್ತಕ್ಷರ ಅದರ ಮೇಲೆ. ಕನ್ನಡ ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದೂ ಇದನ್ನೇ, ಅಕ್ಷರಗಳ ಮೇಲೆ ಪೂರ್ತಿ ಹಿಡಿತ ಬರಲು ಶಾಲೆಯ ಹಲವು ವರ್ಷ ಬೇಕು. ಒಂದನೇ ತರಗತಿಯ ಮಗುವಿಗೆ ಒತ್ತಕ್ಷರ ತಡವರಿಸುತ್ತದೆ ಎಂದರೆ ಮಗು ಹಿಂದುಳಿದಿದೆ ಎಂದಲ್ಲ, ಲಿಪಿಯೇ ಅಷ್ಟು ದೊಡ್ಡದು.

ಅಆಇಈ ಎಂದು ಸಾಲಾಗಿ ಹೋಗುವ ಬದಲು ಮಗುವಿನ ಹೆಸರಿನ ಅಕ್ಷರಗಳಿಂದ ಶುರುಮಾಡಿ. ವಾರಕ್ಕೆ ಎರಡು ಮೂರು ಹೊಸತು ಸಾಕು. ಒಂದೇ ಥರ ಕಾಣುವವನ್ನು ಒಂದೇ ವಾರ ಕೊಡಬಾರದು: ವ, ಮ, ಪ, ಷ ಒಂದು ಗುಂಪು, ದ, ಧ, ಥ ಇನ್ನೊಂದು, ರ, ಠ ಮತ್ತೊಂದು. ವ ಗಟ್ಟಿಯಾಗಿ ಕೂತ ಮೇಲಷ್ಟೇ ಮ. ಒತ್ತಕ್ಷರವನ್ನು ಕೊನೆಗೆ ತಳ್ಳುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಎಲ್ಲದರಲ್ಲೂ ಇರುವುದು ಒತ್ತೇ. ಈ ಪದಗಳನ್ನು ಇಡಿಯಾಗಿ ಗುರುತಿಸಲು ಮೊದಲೇ ಕೊಟ್ಟುಬಿಡಬಹುದು.

ಮಗು ತಪ್ಪಿ ಓದುವುದಕ್ಕೂ ಒಂದು ಲೆಕ್ಕ ಇರುತ್ತದೆ. “ಆಸ್ತಿ”ಯನ್ನು “ಆಸಿತ” ಎನ್ನುತ್ತದೆ, ಯಾಕೆಂದರೆ ಗುಡಿಸು ಕೂತಿರುವುದು ಮೇಲಿನ ಸಕಾರದ ಮೇಲೆ, ಉಚ್ಚಾರದಲ್ಲಿ ಮಾತ್ರ ಅದು ಕೆಳಗಿನ ತ ಒತ್ತು ಮುಗಿದ ಮೇಲೆ ಬರುತ್ತದೆ. “ಸೂರ್ಯ” “ಸೂಯರ” ಆಗುವುದಕ್ಕೂ ಅಂಥದ್ದೇ ಕಾರಣ: ಅರ್ಕಾವತ್ತನ್ನು ಬರೆಯುವುದು ಯಕಾರದ ಬಲಕ್ಕೆ, ನುಡಿಯುವುದು ಅದಕ್ಕೂ ಮುಂಚೆ. ಮಗು ಕಂಡ ಕ್ರಮದಲ್ಲಿ ಸರಿಯಾಗಿಯೇ ಓದಿದೆ. “ತಪ್ಪು” ಎನ್ನುವ ಬದಲು ಮೇಲಿನ ಅಕ್ಷರ, ಕೆಳಗಿನ ಒತ್ತು, ಕೊನೆಗೆ ಗುಡಿಸು ಎಂದು ಬೆರಳಿಟ್ಟು ಒಮ್ಮೆ ತೋರಿಸಿದರೆ, ಹತ್ತಾರು ಪದಗಳಲ್ಲಿ ಆಗುವ ಅದೇ ತಪ್ಪು ಹಂತಹಂತವಾಗಿ ಕಡಿಮೆಯಾಗುತ್ತದೆ.

ಮಗು ಗಟ್ಟಿಯಾಗಿ ಓದುವಾಗ ಒಂದು ಪದಕ್ಕೆ ನಿಂತರೆ ಐದು ಸೆಕೆಂಡು ಕಾಯಿರಿ. ಆಮೇಲೆ ಮೊದಲ ಅಕ್ಷರ ಹೇಳಿಕೊಡಿ. ಆಗಲೂ ಬಾರದಿದ್ದರೆ ಪದವನ್ನೇ ಹೇಳಿ ಮುಂದಕ್ಕೆ ಬಿಡಿ, ಒಂದೇ ಪದದ ಮೇಲೆ ಒದ್ದಾಡಿಸಿದರೆ ವಾಕ್ಯದ ಅರ್ಥವೇ ಮರೆತುಹೋಗಿರುತ್ತದೆ. ಅರ್ಥ ಕೆಡಿಸದ ತಪ್ಪನ್ನು ವಾಕ್ಯ ಮುಗಿಯುವವರೆಗೆ ಮುಟ್ಟಬೇಡಿ. ಒಂದು ಹಾಳೆಯಲ್ಲಿ ಐದಕ್ಕಿಂತ ಹೆಚ್ಚು ಪದಕ್ಕೆ ತಡೆದರೆ ಆ ಪುಸ್ತಕ ಸದ್ಯಕ್ಕೆ ನೀವು ಓದಿ ಹೇಳುವುದಕ್ಕೆ ಸರಿ, ಮಗು ಓದುವುದಕ್ಕೆ ಇನ್ನೂ ಸುಲಭದ್ದು ಬೇಕು.

ಬಹುಮಾನದ ವಿಷಯ. ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಸಂಶೋಧಕರು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಶಿಶುವಿಹಾರದ ಮಕ್ಕಳನ್ನು ಆರಿಸಿ, ಕೆಲವರಿಗೆ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಒಂದೆರಡು ವಾರದ ನಂತರ ಆ ಮಕ್ಕಳು ತಾವಾಗಿ ಚಿತ್ರ ಬಿಡಿಸುವ ಹೊತ್ತು ಉಳಿದವರದರ ಅರ್ಧದಷ್ಟಕ್ಕೆ ಇಳಿದಿತ್ತು. ಹೇಳದೆ ಕೊಟ್ಟ ಪ್ರಶಸ್ತಿಯಿಂದ ಹಾಗಾಗಲಿಲ್ಲ. ಒಂದು ಪುಸ್ತಕಕ್ಕೆ ಒಂದು ಸ್ಟಿಕರ್ ಎಂಬ ಗೋಡೆಪಟ್ಟಿ ಹಾಕುವ ಮೊದಲು ಇದನ್ನು ನೆನೆಯಬೇಕು. ಪಟ್ಟಿ ಬಂದ ಮೇಲೆ ಮಕ್ಕಳು ತೀರ ತೆಳ್ಳಗಿನ ಪುಸ್ತಕಗಳನ್ನೇ ಹುಡುಕತೊಡಗುವುದೂ ಸಾಮಾನ್ಯ. ಓದಿದ್ದಕ್ಕೆ ಕೊಡಲೇಬೇಕೆನಿಸಿದರೆ ಇನ್ನೊಂದು ಪುಸ್ತಕ ಕೊಡಿ.

ಕೊನೆಯದಾಗಿ, ಮಗು ತಾನೇ ಓದಲು ಕಲಿತ ದಿನ ಕತೆಯ ಹೊತ್ತನ್ನು ನಿಲ್ಲಿಸಿಬಿಡುವ ಮನೆಗಳು ಬಹಳ. “ಈಗ ನಿನಗೇ ಬರುತ್ತಲ್ಲ, ಓದ್ಕೋ.” ಆರು ವರ್ಷದ ಮಗು ಸ್ವಂತ ಓದಬಲ್ಲ ವಾಕ್ಯ ಮೂರು ನಾಲ್ಕು ಪದದ್ದು, ಕೇಳಿ ಅರ್ಥಮಾಡಿಕೊಳ್ಳಬಲ್ಲ ಕತೆ ಅದಕ್ಕಿಂತ ಎಷ್ಟೋ ದೊಡ್ಡದು. ಈ ಅಂತರ ತುಂಬಲು ವರ್ಷಗಳು ಹಿಡಿಯುತ್ತವೆ. ಅಲ್ಲಿಯವರೆಗೆ ದೊಡ್ಡ ಕತೆಗಳನ್ನು ನೀವೇ ಓದಿ ಹೇಳುತ್ತಿರಬೇಕು, ದಿನಕ್ಕೊಂದು ಅಧ್ಯಾಯದಂತೆ. ಮಗು ಬಯಸಿದರೆ ಒಂದು ಪಾತ್ರದ ಮಾತುಗಳನ್ನು ಅದು ಓದಲಿ, ಉಳಿದದ್ದನ್ನು ನೀವು ಓದಿ. “ಇವತ್ತು ನೀನೇ ಎಲ್ಲಾ ಓದು” ಎಂದರೆ ಹಾಗೇ ಆಗಲಿ.